ಡಬ್ಬಿಯಿಂದ ಸೋರುವ ರೇಡಿಯೊ ಸಂಕೇತ

ಪ್ರಶ್ನೆ: ರಿಸೀವರಿನ ಸೂಕ್ಷ್ಮತೆಯನ್ನು ಅಳೆಯಲೆಂದು 7 ಮೆಗಾಹರ್ಟ್ಸ್ ಕ್ರಿಸ್ಟಲ್ ಆಸಿಲೇಟರ್ (ಸ್ಥಿರ ಆವರ್ತನದ ಸಂಕೇತ ಹುಟ್ಟಿಸುವ ಸರ್ಕ್ಯೂಟ್) ಒಂದನ್ನು ಕಟ್ಟಿ, ಅಲ್ಯೂಮಿನಿಯಂ ಡಬ್ಬಿಯಲ್ಲಿಟ್ಟು, 12 ವೋಲ್ಟ್ ಅಡಾಪ್ಟರಿನಿಂದ ನಡೆಸುತ್ತಿದ್ದೇನೆ. ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರನ್ನು 100 ಡೆಸಿಬೆಲ್ಲಿಗೆ ಇಟ್ಟರೂ, ಕೇಬಲ್ಲನ್ನೇ ಕಳಚಿದರೂ ಸಂಕೇತ ಕೇಳುತ್ತಲೇ ಇರುತ್ತದೆ. ಇನ್ನೂ ದಪ್ಪನೆಯ ಡಬ್ಬಿ ಬೇಕೇ?
– ಹವ್ಯಾಸಿ ರೇಡಿಯೊ ಓದುಗರು, ಶಿವಮೊಗ್ಗ

ಉತ್ತರ: ಬೇಡ. ಈ ಆವರ್ತನದಲ್ಲಿ ವಿದ್ಯುತ್ ಪ್ರವಾಹದ ಬಹುಪಾಲು ಅಲ್ಯೂಮಿನಿಯಮ್ಮಿನ ಮೇಲ್ಮೈಯ ಸುಮಾರು 31 ಮೈಕ್ರಾನ್ ಪದರದಲ್ಲಿಯೇ ಹರಿಯುವುದರಿಂದ, ಒಂದು ಮಿಲಿಮೀಟರ್ ಗೋಡೆಯೇ ಧಾರಾಳವಾಯಿತು. ಸೋರುತ್ತಿರುವುದು ಗೋಡೆಯಲ್ಲಲ್ಲ, ಒಳಹೋಗುವ ತಂತಿಯಲ್ಲಿ ಮತ್ತು ಮುಚ್ಚಳದ ಸಂದಿನಲ್ಲಿ. ಆಸಿಲೇಟರ್ ಒಂದು ಮಿಲಿವಾಟ್ ಕೊಡುತ್ತದೆ ಎಂದುಕೊಂಡರೆ, ಒಳ್ಳೆಯ ರಿಸೀವರ್ ಅದರ ಹತ್ತು ಲಕ್ಷ ಕೋಟಿಯಲ್ಲೊಂದು ಪಾಲನ್ನೂ, ಅಂದರೆ 130 ಡೆಸಿಬೆಲ್ ಕೆಳಗಿನದನ್ನೂ ಗುರುತಿಸಬಲ್ಲದು. ಹಾಗಾಗಿ ಇಲ್ಲಿ ಯಾವ ಸಂದೂ ಸಣ್ಣದಲ್ಲ.

ಮೊದಲು ಅಡಾಪ್ಟರನ್ನು ಬಿಡಿ. ಅದರ ತಂತಿಯೇ ನಿಮ್ಮ ಆಂಟೆನಾ ಆಗಿದೆ. 9 ವೋಲ್ಟ್ ಬ್ಯಾಟರಿಯನ್ನು ಡಬ್ಬಿಯೊಳಗೇ ಇಡುವುದಕ್ಕಿಂತ ಉತ್ತಮ ಫಿಲ್ಟರ್ ಇಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ತಂತಿ ಅನಿವಾರ್ಯವಾದರೆ ಒಳಗಡೆ 100 ಮೈಕ್ರೊಹೆನ್ರಿ ಚೋಕ್ (ರೇಡಿಯೊ ಸಂಕೇತವನ್ನು ತಡೆಯುವ ತಂತಿ ಸುರುಳಿ) ಹಾಕಿ, ಗೋಡೆಯ ರಂಧ್ರಕ್ಕೇ ನಟ್ಟಿನಿಂದ ಬಿಗಿದ 1000 ಪಿಕೊಫ್ಯಾರಡ್ ಫೀಡ್‌ಥ್ರೂ ಕೆಪಾಸಿಟರಿನ (ತಂತಿ ತನ್ನ ನಡುವೆಯೇ ಹಾದುಹೋಗುವಂಥದ್ದು) ಮೂಲಕ ಅದನ್ನು ಹೊರಗೆ ತನ್ನಿ. 7 ಮೆಗಾಹರ್ಟ್ಸಿನಲ್ಲಿ ಚೋಕಿನ ತಡೆ ಸುಮಾರು 4400 ಓಮ್, ಕೆಪಾಸಿಟರಿನದು ಸುಮಾರು 23 ಓಮ್. ಈ ಒಂದು ಜೋಡಿಯೇ ಸುಮಾರು 45 ಡೆಸಿಬೆಲ್ ತಡೆಯುತ್ತದೆ. ಸಾಮಾನ್ಯ ಕೆಪಾಸಿಟರನ್ನು ರಂಧ್ರದಿಂದ ದೂರದಲ್ಲಿ, ಬೋರ್ಡಿನ ಮೇಲೆ ಕೂರಿಸಿದರೆ, ಅದನ್ನು ದಾಟಿದ ತಂತಿ ಡಬ್ಬಿಯೊಳಗೆ ಮತ್ತೆ ಸಂಕೇತವನ್ನು ಹಿಡಿದುಕೊಂಡು ಹೊರಬರುತ್ತದೆ.

ಮುಚ್ಚಳದ ವಿಷಯದಲ್ಲಿ ನಾನೂ ಎಡವಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಡಬ್ಬಿಯ ಅಂಚಿಗೆಲ್ಲ ಬಣ್ಣ ಬಳಿದಿತ್ತು; ನಾಲ್ಕು ಸ್ಕ್ರೂ ಬಿಗಿದರೂ ಲೋಹಕ್ಕೆ ಲೋಹ ತಾಗಿರಲಿಲ್ಲ. ಅಂಚನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಎರಡು ಸೆಂಟಿಮೀಟರಿಗೊಂದರಂತೆ ಸ್ಕ್ರೂ ಹಾಕಿದ ಮೇಲೆಯೇ ಸಂಕೇತ ಅಡಗಿತು. ಸಂದು ಕೂದಲೆಳೆಯಷ್ಟಿದ್ದರೂ ಅದರ ಉದ್ದವೇ ಸೋರಿಕೆಯನ್ನು ಹೆಚ್ಚಿಸುತ್ತದೆ.

ಅಟೆನ್ಯುಯೇಟರಿನ ಒಂದೊಂದು ಹಂತವನ್ನು 20 ಡೆಸಿಬೆಲ್ಲಿಗೆ ಮಿತಿಗೊಳಿಸಿ, ಹಂತಗಳ ನಡುವೆ ತಾಮ್ರದ ತಡಿಕೆ ಬೆಸೆಯಿರಿ.

ಕೊನೆಗೆ ಡಬ್ಬಿಯ ಹೊರದಾರಿಗೆ 50 ಓಮ್ ಲೋಡ್ (ಸಂಕೇತವನ್ನು ಹೀರಿಕೊಳ್ಳುವ ರೆಸಿಸ್ಟರ್) ತೊಡಿಸಿ, ರಿಸೀವರಿಗೆ ಜೋಡಿಸಿದ ಚಿಕ್ಕ ತಂತಿ ಸುರುಳಿಯನ್ನು ಅಂಚುಗಳ ಮೇಲೆ ನಿಧಾನವಾಗಿ ಆಡಿಸಿ. ಸದ್ದು ಏರಿದ ಜಾಗವೇ ಸೋರುವ ಜಾಗ.