ಮೂರನೆಯ ಪುಟದ ‘ಅವಳು’: ಲೇಖಕರೊಬ್ಬರಿಗೆ ಪತ್ರ

ಪ್ರಿಯರೇ,

‘ಲಿಂಗನಿರಪೇಕ್ಷ ಕನ್ನಡದ ಕಡೆಗೆ’ ಎಂಬ ನಿಮ್ಮ ಒಂಬತ್ತು ಪುಟಗಳ ಪ್ರಬಂಧವನ್ನು ಎರಡು ಸಲ ಓದಿದ್ದೇನೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲು ಬರೆದು ಹಿಂದಿರುಗಿಸುವಂಥ ಬರಹವೂ ಅದಲ್ಲವಾದ್ದರಿಂದ ಈ ದೀರ್ಘ ಪತ್ರ. ಹೆಸರಿನ ಜಾಗದಲ್ಲಿ ನೀವು ಎರಡು ಇನಿಷಿಯಲ್‌ಗಳನ್ನಷ್ಟೇ ಬರೆದಿದ್ದೀರಿ. ನೀವು ಹೆಣ್ಣೋ ಗಂಡೋ ನನಗೆ ತಿಳಿಯದು. ‘ನೀವು’ ಎಂಬ ಮಾತು ಕನ್ನಡದಲ್ಲಿ ಇರುವಾಗ ಈ ಪತ್ರ ಬರೆಯಲು ಅದು ತಿಳಿದಿರಬೇಕಾಗಿಯೂ ಇಲ್ಲ.

ನಿಮ್ಮ ವಾದವನ್ನು ನಾನು ಸರಿಯಾಗಿ ಗ್ರಹಿಸಿದ್ದರೆ ಅದು ಹೀಗಿದೆ: ಕನ್ನಡದ ಕ್ರಿಯಾಪದ ಗಂಡು ಹೆಣ್ಣೆಂಬ ಭೇದವನ್ನು ತನ್ನ ಕೊನೆಯಲ್ಲೇ ಹೊತ್ತು ಬರುವುದರಿಂದ ಯಾರ ಬಗ್ಗೆ ಬರೆದರೂ ಲಿಂಗವನ್ನು ಹೇಳದೆ ವಿಧಿಯಿಲ್ಲ, ಆದ್ದರಿಂದ ಶೈಕ್ಷಣಿಕ ಬರಹದಲ್ಲಿ ‘ಅವನು/ಅವಳು’ ಎಂದು ನಡುವೆ ಗೆರೆ ಎಳೆದು ಬರೆಯಬೇಕು, ಎರಡೂ ಗುಂಪಿಗೆ ಸೇರದವರಿಗೆ ‘ಅದು’ ಎಂಬ ಸರ್ವನಾಮವನ್ನು ಹೊಸ ಅರ್ಥದಲ್ಲಿ ಬಳಕೆಗೆ ತರಬೇಕು. ಈ ಮೂರರಲ್ಲಿ ಮೊದಲನೆಯದು ಅರ್ಧ ಸರಿ, ಎರಡನೆಯದು ಅನಗತ್ಯ, ಮೂರನೆಯದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಅದಕ್ಕೂ ಮೊದಲು ಆರಂಭದ ಪುಟಗಳ ಬಗ್ಗೆ ಒಂದು ಮಾತು. ಒಂಬತ್ತರಲ್ಲಿ ಎರಡೂವರೆ ಪುಟ ಹೊರದೇಶಗಳ ಚರ್ಚೆಗೇ ಹೋಗಿದೆ. ಅಮೆರಿಕದ ಮನೋವಿಜ್ಞಾನ ಸಂಘದ ಬರವಣಿಗೆ ಕೈಪಿಡಿ 2019ರ ಆವೃತ್ತಿಯಲ್ಲಿ ಇಂಗ್ಲಿಷಿನ ‘ದೇ’ (ಅವರು) ಪದವನ್ನು ಏಕವಚನವಾಗಿಯೂ ಒಪ್ಪಿಕೊಂಡದ್ದು, ಸ್ವೀಡಿಷ್ ಅಕಾಡೆಮಿಯ ಪದಪಟ್ಟಿಗೆ 2015ರಲ್ಲಿ ‘ಹೆನ್’ ಎಂಬ ಲಿಂಗವಿಲ್ಲದ ಸರ್ವನಾಮ ಸೇರಿದ್ದು, 2017ರಲ್ಲಿ ಫ್ರೆಂಚ್ ಅಕಾಡೆಮಿ ಎರಡೂ ಲಿಂಗಗಳನ್ನು ಒಳಗೊಳ್ಳುವ ಬರವಣಿಗೆಯನ್ನು ಭಾಷೆಗೆ ಒದಗಿದ ಮಾರಕ ಅಪಾಯವೆಂದು ಕರೆದದ್ದು, ಎಲ್ಲವೂ ನಿಜ. ಆದರೆ ಇಂಗ್ಲಿಷಿನವರ ತೊಡಕು ಇರುವುದು ಸರ್ವನಾಮದಲ್ಲಿ, ಫ್ರೆಂಚಿನವರದು ಪ್ರತಿ ನಾಮಪದದಲ್ಲಿ, ನಮ್ಮದು ಕ್ರಿಯಾಪದದ ಕೊನೆಯಲ್ಲಿ. ಅವರ ಔಷಧಿಯನ್ನು ನಮ್ಮ ಕಾಯಿಲೆಗೆ ಕೊಡುವ ಮುಂಚೆ ನಮ್ಮ ನಾಡಿ ಹಿಡಿದು ನೋಡಬೇಕಿತ್ತು. ಆ ಪುಟಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ.

ಈಗ ವ್ಯಾಕರಣ. ‘ಬಂದನು, ಬಂದಳು, ಬಂದಿತು’ ಎಂಬ ಮೂರು ರೂಪಗಳನ್ನು ಕೊಟ್ಟು, ಕನ್ನಡಕ್ಕೆ ತಪ್ಪಿಸಿಕೊಳ್ಳುವ ದಾರಿಯಿಲ್ಲ ಎಂದಿದ್ದೀರಿ. ಒಂದು ದಿನ ನಿಮ್ಮ ಮನೆಯಲ್ಲಿ ನಡೆಯುವ ಮಾತನ್ನೇ ಕಿವಿಗೊಟ್ಟು ಕೇಳಿ. ಅವನೂ ಬರಲಿಲ್ಲ, ಅವಳೂ ಬರಲಿಲ್ಲ. ಅವನೂ ಓದಬೇಕು, ಅವಳೂ ಓದಬೇಕು. ಹಳೆಯ ‘ಬಾರನು’, ‘ಬಾರಳು’ಗಳನ್ನೂ ‘ಲಾರನು’, ‘ಲಾರಳು’ಗಳನ್ನೂ ಬಿಟ್ಟರೆ ಇಂದಿನ ಕನ್ನಡದ ನಿಷೇಧರೂಪಕ್ಕೆ ಲಿಂಗವೇ ಇಲ್ಲ, ‘ಬೇಕು’, ‘ಬಹುದು’, ‘ಕೂಡದು’, ‘ತಕ್ಕದ್ದು’ ಎಂದು ಮುಗಿಯುವ ವಾಕ್ಯಗಳಿಗೂ ಇಲ್ಲ. ನಿಯಮಾವಳಿ, ಪಠ್ಯಕ್ರಮ, ಸಂಶೋಧನಾ ವಿಧಾನದ ಪುಸ್ತಕ ಇವೆಲ್ಲ ಬಹುಮಟ್ಟಿಗೆ ಇಂಥ ವಾಕ್ಯಗಳಲ್ಲೇ ನಡೆಯುತ್ತವೆ. ಲಿಂಗ ತಲೆಯೆತ್ತುವುದು ಪ್ರಥಮಪುರುಷದ, ಅಂದರೆ ‘ಅವನು’, ‘ಅವಳು’ಗಳ, ಏಕವಚನದಲ್ಲಿ, ಅದೂ ವಾಕ್ಯ ಸಕಾರಾತ್ಮಕವಾಗಿದ್ದಾಗ ಮಾತ್ರ. ನೀವು ಹೇಳಿದ್ದರಲ್ಲಿ ಅರ್ಧ ಸರಿ ಎಂದದ್ದು ಇದಕ್ಕೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಬಾಗಿಲು ಬಡಿದ ಸದ್ದಾಗುತ್ತದೆ, ಕಿಟಕಿಯಿಂದ ಇಣುಕಿದ ಮಗುವಿಗೆ ಬಂದವರು ಸರಿಯಾಗಿ ಕಾಣಿಸುವುದಿಲ್ಲ. ಅದು ಒಳಗೆ ಓಡಿಬಂದು ಏನೆನ್ನುತ್ತದೆ? ‘ಅಮ್ಮಾ, ಯಾರೋ ಬಂದಿದ್ದಾರೆ.’ ಹೊರಗೆ ನಿಂತಿರುವುದು ಒಬ್ಬರೇ, ಆದರೂ ಕ್ರಿಯಾಪದ ಬಹುವಚನ. ಗೊತ್ತಿಲ್ಲದ ಮನುಷ್ಯರಿಗೆ ಲಿಂಗವನ್ನು ಆರೋಪಿಸದೆ ಗೌರವವನ್ನು ಮೊದಲೇ ಕೊಟ್ಟುಬಿಡುವ ಈ ನಡೆಯನ್ನು ಯಾವ ಅಕಾಡೆಮಿಯೂ ನಮಗೆ ಕಲಿಸಿದ್ದಲ್ಲ. ಇದೇ ‘ಯಾರು’ ಎಂಬುದಕ್ಕೆ ‘ಯಾವನು’, ‘ಯಾವಳು’ ಎಂಬ ಲಿಂಗವುಳ್ಳ ರೂಪಗಳೂ ಇವೆ. ಅವು ಬಾಯಿಗೆ ಬರುವುದು ಯಾವಾಗ ಎಂದು ನೆನಪಿಸಿಕೊಳ್ಳಿ: ‘ಯಾವನೋ ಅವನು?’ ‘ಯಾವಳೇ ಅವಳು?’ ಎಂದು ಜಗಳ ಶುರುವಾಗುವಾಗ. ಗೌರವ ಹೊರಟುಹೋದ ಕೂಡಲೇ ಲಿಂಗ ಬಂದು ಕೂರುತ್ತದೆ.

ನಿಮ್ಮ ಪ್ರಬಂಧ ಕಾಣದೆ ಹೋದದ್ದು ಇದನ್ನೇ. ಕನ್ನಡದಲ್ಲಿ ಲಿಂಗದ ಪ್ರಶ್ನೆಯನ್ನು ಗೌರವದ ಪ್ರಶ್ನೆಯಿಂದ ಬೇರೆ ಮಾಡಿ ನೋಡಲು ಬರುವುದಿಲ್ಲ. ‘ಅವರು’ ಎಂದರೆ ಲಿಂಗ ಮರೆಯಾಗುತ್ತದೆ, ಆದರೆ ‘ಅವರು’ ಎನ್ನಿಸಿಕೊಳ್ಳುವ ಭಾಗ್ಯ ನಮ್ಮ ಸಮಾಜದಲ್ಲಿ ಎಲ್ಲರಿಗೂ ಇಲ್ಲ. ವಯಸ್ಸು, ಜಾತಿ, ಹುದ್ದೆ, ಸಂಬಳ ಇವೆಲ್ಲ ಸೇರಿ ಯಾರು ‘ಬಂದರು’, ಯಾರು ‘ಬಂದಳು’ ಎಂಬುದನ್ನು ತೀರ್ಮಾನಿಸುತ್ತವೆ. ಇದನ್ನು ದೂರದ ಉದಾಹರಣೆಯಿಂದ ಹೇಳಬೇಕಾಗಿಲ್ಲ. ನಿಮ್ಮ ಮೂರನೆಯ ಪುಟವೇ ಸಾಕು.

ಅಲ್ಲಿ ನೀವು ಹಾಸ್ಟೆಲಿನ ದಿನಗಳ ಒಂದು ಪ್ರಸಂಗವನ್ನು ಬರೆದಿದ್ದೀರಿ. ಇಡೀ ಪ್ರಬಂಧದಲ್ಲಿ ಉಸಿರಾಡುವ ಭಾಗ ಅದೊಂದೇ ಎಂಬುದನ್ನೂ ಸೇರಿಸುತ್ತೇನೆ. ಪ್ರಾಧ್ಯಾಪಕರೊಬ್ಬರು ತರಗತಿಯಲ್ಲಿ ಭಾಷೆ ಮತ್ತು ಸಮಾನತೆಯ ಬಗ್ಗೆ ಪಾಠ ಮಾಡುತ್ತಾರೆ. ಸಂಜೆ ಹಾಸ್ಟೆಲಿನ ಮೊಗಸಾಲೆಯನ್ನು ಒರೆಸುತ್ತಿದ್ದ ಹೆಂಗಸಿಗೆ ನೀವು ಆ ವಿಷಯವನ್ನು ಹೇಳಿದಾಗ ಆಕೆ ಒರಸುಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡುತ್ತಾ, ‘ನಮ್ಮನ್ನ ಹೋಗೇ ಬಾರೇ ಅನ್ನೋದು ಬಿಟ್ರೆ ಸಾಕು’ ಎನ್ನುತ್ತಾರೆ. ಇಷ್ಟು ಒಳ್ಳೆಯ ಮಾತನ್ನು ಕೇಳಿಸಿಕೊಂಡ ನೀವು ಅದನ್ನು ಬರೆದಿರುವ ರೀತಿ ಹೇಗಿದೆ ನೋಡಿ: ‘ಪ್ರಾಧ್ಯಾಪಕರು ವಿವರಿಸಿದರು’, ‘ಅವರು ಒತ್ತಿ ಹೇಳಿದರು’, ನಾಲ್ಕು ಸಾಲು ಬಿಟ್ಟು, ‘ಕೆಲಸದವಳು ನಕ್ಕಳು’, ‘ಅವಳು ಹೇಳಿದಳು’. ಆಕೆಗೆ ಐವತ್ತು ದಾಟಿದೆ ಎಂದು ನೀವೇ ಬರೆದಿದ್ದೀರಿ. ಪ್ರಾಧ್ಯಾಪಕರಿಗೆ ನಲವತ್ತು ಎಂಬುದೂ ನಿಮ್ಮ ಬರಹದಲ್ಲೇ ಇದೆ. ಬೇಕೆಂದೇ ಹೀಗೆ ಬರೆದಿರಿ ಎಂದು ನಾನು ಹೇಳುತ್ತಿಲ್ಲ. ಕೈ ತಾನಾಗಿ ಬರೆಯಿತು. ಆ ಕೈಯನ್ನು ಅಲ್ಲಿಗೆ ಒಯ್ದ ಅಭ್ಯಾಸವೇ ನಿಮ್ಮ ಪ್ರಬಂಧದ ವಿಷಯವಾಗಬೇಕಿತ್ತು. ಕನ್ನಡ ಪತ್ರಿಕೆಗಳೂ ಬಹುಕಾಲ ಹೀಗೆಯೇ ಬರೆದುಕೊಂಡು ಬಂದವು: ಸಚಿವರು ‘ತಿಳಿಸಿದರು’, ಕೂಲಿಯಾಳು ‘ಮೃತಪಟ್ಟಿದ್ದಾನೆ’. ಈಚೆಗೆ ‘ಮೃತಪಟ್ಟಿದ್ದಾರೆ’ ಎಂದು ಅಚ್ಚಾಗುವುದನ್ನು ಕಂಡಾಗಲೆಲ್ಲ ನನಗೆ ಸಮಾಧಾನವಾಗುತ್ತದೆ.

‘ಅವನು/ಅವಳು’ ಏಕೆ ಅನಗತ್ಯ ಎಂಬುದಕ್ಕೂ ನಿಮ್ಮ ವಾಕ್ಯವನ್ನೇ ತೆಗೆದುಕೊಳ್ಳೋಣ: ‘ಸಂಶೋಧಕನು/ಳು ತನ್ನ ಊಹೆಯನ್ನು ಮಂಡಿಸುವ ಮೊದಲು ಅವನು/ಅವಳು ಆಕರಗಳನ್ನು ಪರಿಶೀಲಿಸಿದ್ದಾನೆ/ಳೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.’ ಇದನ್ನು ಗಟ್ಟಿಯಾಗಿ ಓದಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಕಡೆ ಗೆರೆ ಎಳೆದರೆ ಸಾಕು. ಕನ್ನಡದಲ್ಲಿ ಕರ್ತೃಪದಕ್ಕೆ ಎಳೆದದ್ದನ್ನು ಕ್ರಿಯಾಪದಕ್ಕೂ ಎಳೆಯಬೇಕು. ‘ಸಂಶೋಧಕರು ತಮ್ಮ ಊಹೆಯನ್ನು ಮಂಡಿಸುವ ಮೊದಲು ಆಕರಗಳನ್ನು ಪರಿಶೀಲಿಸಿರಬೇಕು’ ಎಂದರೆ ಅರ್ಥ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ‘ಓದುಗನು’ ಎಂದಿರುವಲ್ಲೆಲ್ಲ ‘ಓದುಗರು’, ‘ಪ್ರತಿಯೊಬ್ಬನೂ’ ಎಂದಿರುವಲ್ಲಿ ‘ಪ್ರತಿಯೊಬ್ಬರೂ’ ಎಂದು ತಿದ್ದಿ. ಕಾನೂನಿನ ಭಾಷೆ ಹಿಡಿದ ದಾರಿ ಬೇರೆ: ‘ಅವನು’ ಎಂದರೆ ಹೆಣ್ಣೂ ಸೇರಿತು ಎಂದು 1860ರ ಭಾರತೀಯ ದಂಡ ಸಂಹಿತೆಯ 8ನೇ ಕಲಮು ವಿವರಣೆ ಕೊಟ್ಟಿತ್ತು, ಅದರ ಜಾಗಕ್ಕೆ ಬಂದ 2023ರ ಭಾರತೀಯ ನ್ಯಾಯ ಸಂಹಿತೆ ಆ ವಿವರಣೆಗೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿತು, ಆದರೆ ‘ಅವನು’ ಎಂಬುದು ಹಾಗೆಯೇ ಉಳಿಯಿತು. ನಾವು ಕಾಯಿದೆ ಬರೆಯುತ್ತಿಲ್ಲವಾದ್ದರಿಂದ ಅಂಥ ವಿವರಣೆಯ ಆಸರೆ ನಮಗೆ ಬೇಕಿಲ್ಲ.

‘ಅದು’ ಎಂಬ ಸಲಹೆಯನ್ನು ಪೂರ್ತಿಯಾಗಿ ಕೈಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಮಗುವಿಗೆ ನಾವು ‘ಅದು’ ಎನ್ನುತ್ತೇವೆ, ಈ ಪತ್ರದಲ್ಲೇ ಅಂದಿದ್ದೇನೆ. ಹವ್ಯಕರ ಮನೆಮಾತಿನಲ್ಲಿ ‘ಅಕ್ಕ ಬಂತು’ ಎಂಬುದು ಅಕ್ಕರೆಯ ಸಹಜ ಮಾತು. ತೆಲುಗಿನಲ್ಲಿಯೂ ಏಕವಚನದ ಹೆಂಗಸಿಗೆ ನಪುಂಸಕದ ಕ್ರಿಯಾರೂಪವೇ ಬರುತ್ತದೆ. ಆದರೆ ಉಳಿದ ಕನ್ನಡದಲ್ಲಿ ಬೆಳೆದ ಮನುಷ್ಯರನ್ನು ‘ಅದು’ ಎಂದರೆ ವಸ್ತುವಿನ ಸಾಲಿಗೆ ಇಳಿಸಿದಂತೆ. ‘ನಪುಂಸಕ’ ಎಂಬ ವ್ಯಾಕರಣದ ಪದವೇ ಬೀದಿಯಲ್ಲಿ ಬೈಗುಳವಾಗಿರುವಾಗ, ಆ ಬೈಗುಳವನ್ನು ಜೀವನವಿಡೀ ಕೇಳಿದವರ ಮೇಲೆ ಅದೇ ಲಿಂಗದ ಸರ್ವನಾಮವನ್ನು ಹೊರಿಸುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ತಮ್ಮ ಲಿಂಗವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕು ಅವರದು ಎಂದು ಸರ್ವೋಚ್ಚ ನ್ಯಾಯಾಲಯ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಹೇಳಿದೆ. 2019ರಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಚುಕ್ಕಾಣಿ ಹಿಡಿದಾಗ ಪತ್ರಿಕೆಗಳು ‘ಅಧ್ಯಕ್ಷೆ’ ಎಂದೇ ಬರೆದವು. ‘ಅಮ್ಮ’ ಎಂಬುದನ್ನೂ ‘ಜೋಗತಿ’ ಎಂಬುದನ್ನೂ ಹೆಸರಿನಲ್ಲೇ ಧರಿಸಿದವರಿಗೆ ಲಿಂಗವಿಲ್ಲದ ಪದವನ್ನು ಹುಡುಕಿಕೊಡುವುದು ಉಪಕಾರವಾಗುವುದಿಲ್ಲ. ಯಾರನ್ನು ಹೇಗೆ ಕರೆಯಬೇಕೆಂದು ಅವರನ್ನೇ ಕೇಳಿ. ಕೇಳಲಾಗದಿದ್ದರೆ ‘ಅವರು’ ಇದೆ.

ನಾಮಪದಗಳ ಮೇಲೆ ನೀವು ಬರೆದಿರುವ ಪುಟ ಅವಸರದ್ದು. ಹೆಣ್ಣುರೂಪಗಳನ್ನೆಲ್ಲ ಅಳಿಸಿಹಾಕಿದರೆ ಸಮಾನತೆ ಬರುತ್ತದೆ ಎಂದಿದ್ದೀರಿ. ಕರ್ನಾಟಕ ಲೇಖಕಿಯರ ಸಂಘ ಎಂಬ ಹೆಸರನ್ನು ಇಟ್ಟುಕೊಂಡವರು ‘ಲೇಖಕರು’ ಎಂಬ ಪದವನ್ನು ಅರಿಯದವರಲ್ಲ. ‘ಲೇಖಕರು’ ಎಂದಾಗ ಓದುಗರ ಕಣ್ಣಮುಂದೆ ಗಂಡಸರೇ ಬಂದು ನಿಲ್ಲುತ್ತಿದ್ದ ಕಾಲದಲ್ಲಿ ತಾವು ಕಾಣಬೇಕೆಂದು ಆ ರೂಪವನ್ನು ಆರಿಸಿಕೊಂಡರು ಎಂದೇ ನಾನು ತಿಳಿಯುತ್ತೇನೆ. ಇದಕ್ಕೆ ವಿರುದ್ಧವಾದ ಅನುಭವವೂ ನನಗಿದೆ. ಹಲವು ವರ್ಷಗಳ ಹಿಂದೆ ನಾವು ‘ಕವಯಿತ್ರಿ’ ಎಂದು ಪರಿಚಯ ಬರೆದು ಕಳಿಸಿದ ಕರಡಚ್ಚನ್ನು ಒಬ್ಬರು ಕೆಂಪು ಶಾಯಿಯಲ್ಲಿ ‘ಕವಿ’ ಎಂದು ತಿದ್ದಿ ಹಿಂದಿರುಗಿಸಿದರು, ಬೇರೇನೂ ಬರೆದಿರಲಿಲ್ಲ. ಅಂದಿನಿಂದ ನಮ್ಮಲ್ಲಿ ಲೇಖಕರನ್ನು ಕೇಳಿಯೇ ಪರಿಚಯ ಬರೆಯುವ ಪದ್ಧತಿ ಇದೆ. ಜಿಲ್ಲಾಧಿಕಾರಿ, ಮಂತ್ರಿ, ನ್ಯಾಯಮೂರ್ತಿ ಎಂಬ ಮೇಲಿನ ಹುದ್ದೆಗಳ ಹೆಸರು ಇಬ್ಬರಿಗೂ ಒಂದೇ ಇದ್ದು, ಕಾರ್ಯಕರ್ತೆ, ಸಹಾಯಕಿ ಎಂಬ ಕಡಿಮೆ ಸಂಬಳದ ಹೆಸರುಗಳು ಮಾತ್ರ ಹೆಣ್ಣಾಗಿರುವುದೇಕೆ ಎಂಬುದನ್ನು ಯೋಚಿಸಿದರೆ ಈ ಪುಟಕ್ಕೆ ಬೇಕಾದ ವಸ್ತು ಸಿಗುತ್ತದೆ. ‘ರಾಷ್ಟ್ರಪತಿ’ ಪದದ ಮೇಲಿನ ನಿಮ್ಮ ಸಿಟ್ಟನ್ನು ಬಿಟ್ಟುಬಿಡಬಹುದು. 2007ರಲ್ಲಿ ಪ್ರತಿಭಾ ಪಾಟೀಲ್, 2022ರಲ್ಲಿ ದ್ರೌಪದಿ ಮುರ್ಮು ಆ ಹೆಸರಿನಲ್ಲೇ ಅಧಿಕಾರ ವಹಿಸಿಕೊಂಡರು, ‘ಪತಿ’ ಎಂಬುದಕ್ಕೆ ಒಡೆತನದ ಅರ್ಥವೂ ಇದೆ.

ಪ್ರಬಂಧದ ಆರಂಭಕ್ಕೆ ಜೇಡರ ದಾಸಿಮಯ್ಯನವರ ವಚನವನ್ನು ಇಟ್ಟಿದ್ದೀರಿ. ಈ ವಿಷಯದ ಬಗ್ಗೆ ನಮಗೆ ಬರುವ ಬರಹಗಳಲ್ಲಿ ಬಹುಪಾಲು ಅದರಿಂದಲೇ ಶುರುವಾಗುತ್ತವೆ, ಹಾಗಾಗಿ ಅದನ್ನು ತೆಗೆಯಿರಿ ಎನ್ನುವುದು ನನ್ನ ಮೊದಲ ಯೋಚನೆಯಾಗಿತ್ತು. ಆದರೆ ನಡುವೆ ಸುಳಿಯುವುದು ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು ಸಾರುವ ಆ ಸಾಲಿನಲ್ಲೇ ‘ಆತ್ಮನು’ ಎಂಬ ಪುಲ್ಲಿಂಗದ ರೂಪ ಇರುವುದನ್ನು ನೀವು ಗಮನಿಸಿ ಬರೆಯುವುದಾದರೆ ಇರಲಿ. ಅಷ್ಟು ದೊಡ್ಡ ಮಾತಿಗೂ ವ್ಯಾಕರಣದ ಋಣ ತಪ್ಪಲಿಲ್ಲ ಎಂಬುದರಲ್ಲಿ ಚರ್ಚಿಸಬೇಕಾದದ್ದು ಬಹಳವಿದೆ.

ಎರಡು ಸಾವಿರ ಪದಗಳೊಳಗೆ ತಿದ್ದಿ ಬರೆದು, ದೀಪಾವಳಿಗೆ ಮುಂಚೆ ಕಳಿಸಿದರೆ ಮತ್ತೆ ಓದುತ್ತೇನೆ. ಮೂರನೆಯ ಪುಟದಿಂದ ಪ್ರಾರಂಭಿಸಿ. ಹಾಸ್ಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಆ ತಾಯಿಯನ್ನು ನೀವು ಎದುರಿಗೆ ‘ಅಕ್ಕಾ’ ಎಂದು ಕರೆಯುತ್ತಿದ್ದಿರೋ, ‘ಅಮ್ಮಾ’ ಎಂದೋ, ಅಥವಾ ಏನೂ ಕರೆಯದೆ ಮಾತನಾಡಿಸುತ್ತಿದ್ದಿರೋ ಎಂಬುದು ಪ್ರಬಂಧದಲ್ಲಿ ಎಲ್ಲೂ ಬಂದಿಲ್ಲ. ಅದನ್ನು ಮರೆಯದೆ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕರು