ಲಿವರ್ ಕಸಿ ಆದಮೇಲೆ ಕೈ ನಡುಕ

ನಿಮ್ಮ ಅಣ್ಣನಿಗೆ ಲಿವರ್ ಕಸಿ ಆಗಿ ಮೂರು ವಾರ, ಕೈ ನಡುಗುತ್ತಿದೆ, ರಕ್ತದಲ್ಲಿ ಮೆಗ್ನೀಸಿಯಂ 1.2 mg/dL ಬಂದಿದೆ, ಬರೀ ಸುಸ್ತಾ ಅಂತ ಕೇಳಿದ್ದೀರಿ. ಸುಮ್ನೆ ಬಿಡಬೇಡಿ. ಸುಮಾರು 1.7 ಆದರೂ ಇರಬೇಕು. ಕಸಿಯಾದವರಿಗೆ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆ ಮೆಗ್ನೀಸಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ, ಆ ಔಷಧಿಯೇ ರಕ್ತದಲ್ಲಿ ಜಾಸ್ತಿಯಾದರೂ ಕೈ ನಡುಗುತ್ತದೆ, ಹಾಗಾಗಿ ಮೆಗ್ನೀಸಿಯಂ, ಟ್ಯಾಕ್ರೊಲಿಮಸ್ ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡಿಸಿ. ಬೆಳಗಿನ ಡೋಸ್ ನುಂಗುವ ಮುಂಚೆಯೇ ರಕ್ತ ಕೊಡಬೇಕು. ನಮ್ಮ ಭಾವ ತುಮಕೂರಲ್ಲಿ ನುಂಗಿ ಹೋಗಿ ಕೊಟ್ಟು, ರಿಪೋರ್ಟ್ ಪೂರ್ತಿ ದಂಡವಾಯಿತು! ಮೆಗ್ನೀಸಿಯಂ ಇರುವ ರಾಗಿ ಮುದ್ದೆ, ಕಡಲೆಕಾಯಿ ತಿನ್ನಲಿ, ಆದರೆ 1.2 ಅದರಿಂದ ಏರಲ್ಲ. ಮಾತ್ರೆ ನೀವೇ ನಿಲ್ಲಿಸಬೇಡಿ, ಇವತ್ತೇ ಕಸಿ ಮಾಡಿದ ಡಾಕ್ಟರಿಗೆ ಫೋನ್ ಮಾಡಿ. ಫಿಟ್ಸ್, ಗಲಿಬಿಲಿ ಮಾತು, ಕಣ್ಣು ಮಂಜಾಗುವುದು ಕಂಡರೆ ಕಸಿ ಮಾಡಿದ ಆಸ್ಪತ್ರೆಗೆ ಹೋಗುವ ತನಕ ಕಾಯದೆ ಮೊದಲು ಹತ್ತಿರದ ಎಮರ್ಜೆನ್ಸಿಗೆ ಓಡಿ.