ಓದುಗರ ಪ್ರಶ್ನೆ: ಮೆಣಸಿನ ಉರಿ ತಿಳಿಯುವ ನರಕ್ಕೆ ರೇಬೀಸ್ ತಗಲದೇ?

ಪ್ರಶ್ನೆ: ಕಳೆದ ತಿಂಗಳು ಅಡಿಕೆ ತೋಟದ ದಾರಿಯಲ್ಲಿ ಬೀದಿನಾಯಿಯೊಂದು ನನ್ನ ಮೀನಖಂಡಕ್ಕೆ ಕಚ್ಚಿತು. ಅಜ್ಜಿ ಸೂಜಿಮೆಣಸು ಅರೆದು ಹಚ್ಚಲು ಬಂದರು. ನಾನು ಒಪ್ಪದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಿದೆ. ಆಮೇಲೆ ಒಂದು ಕಡೆ, ಮೆಣಸಿನ ಖಾರಕ್ಕೆ ಸ್ಪಂದಿಸುವ ನರಕೋಶಗಳಿಗೆ ರೇಬೀಸ್ ವೈರಸ್ ಅಷ್ಟಾಗಿ ತಗಲುವುದಿಲ್ಲವೆಂದು ಓದಿದೆ. ಹಾಗಾದರೆ ಅಜ್ಜಿಯ ಮದ್ದಿನಲ್ಲಿ ಏನಾದರೂ ಹುರುಳಿದೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ನೀವು ಓದಿದ್ದರಲ್ಲಿ ಸತ್ಯಾಂಶವಿದೆ. ಆದರೆ ಅದು ಅಜ್ಜಿಯ ಮದ್ದಿಗೆ ಆಧಾರವಾಗುವುದಿಲ್ಲ.

ಸ್ಪರ್ಶ, ನೋವು, ಬಿಸಿಗಳನ್ನು ತಿಳಿಸುವ ಸಂವೇದನಾ ನರಕೋಶಗಳ ಒಡಲು ಕಾಲಿನಲ್ಲಿರುವುದಿಲ್ಲ. ಅದು ಬೆನ್ನುಹುರಿಯ ಪಕ್ಕದ ಪುಟ್ಟ ನರಗಂಟುಗಳಲ್ಲಿರುತ್ತದೆ. ಅಲ್ಲಿಂದ ಹೊರಟ ಎಳೆಯ ಒಂದು ಕವಲು ಚರ್ಮ ಅಥವಾ ಸ್ನಾಯುವಿನವರೆಗೂ, ಇನ್ನೊಂದು ಬೆನ್ನುಹುರಿಯೊಳಕ್ಕೂ ಹೋಗುತ್ತದೆ. ಒಂದೇ ಗಂಟಿನಲ್ಲಿದ್ದರೂ ಈ ಕೋಶಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ದೊಡ್ಡವು, ಅವುಗಳ ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ; ಕೆಲವು ಚಿಕ್ಕವು, ಅವುಗಳ ಎಳೆಗಳಿಗೆ ಆ ಹೊದಿಕೆ ಇಲ್ಲ.

2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆಳೆದ ಇಲಿಗಳ ನರಗಂಟಿನ ಕೋಶಗಳಿಗೆ ರೇಬೀಸ್ ವೈರಸ್ ತಗಲಿಸಿದಾಗ, ಸುಮಾರು ಶೇ. 20ರಷ್ಟು ಕೋಶಗಳು ಮಾತ್ರ ಸೋಂಕಿಗೆ ಒಳಗಾದವು. ಅವುಗಳಲ್ಲಿ ಶೇ. 80ಕ್ಕೂ ಹೆಚ್ಚಿನವು ಪಿ75 ಎಂಬ ಗ್ರಾಹಕ ಪ್ರೋಟೀನನ್ನು (ಕೋಶದ ಹೊರಮೈಯಲ್ಲಿದ್ದು ಹೊರಗಿನ ಅಣುಗಳು ಬಂದು ಅಂಟಿಕೊಳ್ಳುವ ಪ್ರೋಟೀನು) ಹೊಂದಿದ್ದ, ಗಾತ್ರದಲ್ಲಿ ದೊಡ್ಡದಾದ, ಮೆಣಸಿನ ಖಾರದ ಸತ್ವವಾದ ಕ್ಯಾಪ್ಸೈಸಿನ್‌ಗೆ ಸ್ಪಂದಿಸದ ಕೋಶಗಳು. ವೈರಸ್ಸಿನ ಹೊರಮೈಯ ಜಿ ಪ್ರೋಟೀನು ಪಿ75ಕ್ಕೆ ಅಂಟಿಕೊಳ್ಳುತ್ತದೆಂದು ಮೊದಲೇ ತಿಳಿದಿದ್ದರಿಂದ ಇದೇ ಒಳಹೋಗುವ ಬಾಗಿಲೆಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಪಿ75 ಇದ್ದ ಕೋಶಗಳಲ್ಲಿ ಅರ್ಧದಷ್ಟಕ್ಕೆ ವೈರಸ್ ಅಂಟಲೇ ಇಲ್ಲ. ಅವು ಚಿಕ್ಕವು, ಹಲವು ಕ್ಯಾಪ್ಸೈಸಿನ್‌ಗೆ ಸ್ಪಂದಿಸುವಂಥವು. ನೀವು ಓದಿದ್ದು ಬಹುಶಃ ಈ ಸಂಗತಿಯನ್ನೇ. ಇನ್ನೂ ಸೋಜಿಗವೆಂದರೆ, ಪಿ75ರ ಹೊರಭಾಗವೇ ಇಲ್ಲದಂತೆ ಹುಟ್ಟಿಸಿದ ಇಲಿಗಳಿಗೂ ಸೋಂಕು ಅಷ್ಟೇ ತಗಲಿತು, ಸಾವಿನ ಪ್ರಮಾಣವೂ ಬದಲಾಗಲಿಲ್ಲ.

2017ರಲ್ಲಿ ಜ್ಯೂರಿಕ್‌ನ ಸಂಶೋಧಕರು ಮತ್ತು ಅವರ ಸಂಗಡಿಗರು, ಮಯಲಿನ್ ಹೊದಿಕೆಯಿಲ್ಲದ ಎರಡು ಬಗೆಯ ಸಂವೇದನಾ ಕೋಶಗಳು ಬೆನ್ನುಹುರಿಯ ಕಡೆಯಿಂದ ಬರುವ ರೇಬೀಸ್ ವೈರಸ್ಸಿಗೆ ಎಡೆ ಕೊಡುವುದಿಲ್ಲವೆಂದು ತೋರಿಸಿದರು. ಅವುಗಳಲ್ಲಿ ಒಂದು ಬಗೆ ನವಿರಾದ ಸ್ಪರ್ಶವನ್ನು ಗ್ರಹಿಸುವ ಕೋಶಗಳು. ಈ ಕೋಶಗಳು ವೈರಸ್ಸನ್ನು ಒಳಗೆ ಕೊಲ್ಲುತ್ತವೆಯೋ, ಅಥವಾ ಬಾಗಿಲಲ್ಲೇ ತಡೆಯುತ್ತವೆಯೋ? ಇದನ್ನು ತಿಳಿಯಲು ಅವರು ರೇಬೀಸ್ ವೈರಸ್ಸಿಗೆ ಹಕ್ಕಿಗಳ ವೈರಸ್ಸೊಂದರ ಹೊರಪ್ರೋಟೀನನ್ನು ತೊಡಿಸಿ, ಅದಕ್ಕೆ ಹೊಂದುವ ಗ್ರಾಹಕವುಳ್ಳ ಇಲಿಗಳ ಮೇಲೆ ಪ್ರಯೋಗಿಸಿದರು. ಆಗ ಅವೇ ಕೋಶಗಳು ಸೋಂಕಿಗೆ ಒಳಗಾದವು. ಅಂದರೆ ತಡೆ ಇದ್ದದ್ದು ಮೈಗೆ ಅಂಟಿಕೊಳ್ಳುವ ಹಂತದಲ್ಲಿ, ಕೋಶದೊಳಗಲ್ಲ.

ಈಗ ಸೂಜಿಮೆಣಸಿಗೆ ಬರೋಣ. ಖಾರಕ್ಕೆ ಸ್ಪಂದಿಸುವುದು 2007ರ ಅಧ್ಯಯನದಲ್ಲಿ ಕೋಶಗಳನ್ನು ಬಗೆಬಗೆಯಾಗಿ ವಿಂಗಡಿಸಲು ಬಳಸಿದ ಒಂದು ಗುರುತು ಮಾತ್ರ; ಸೋಂಕನ್ನು ತಡೆದದ್ದು ಖಾರವಲ್ಲ. ಒಣಗಿಸಿ ಸುಲಿದ ಚಾಲಿ ಅಡಿಕೆಗೆ ಕೆಂಪು ಬಣ್ಣ ಬಳಿದರೆ ಅದು ಬೇಯಿಸಿ ಮಾಡುವ ಕೆಂಪು ರಾಶಿ ಅಡಿಕೆಯಾಗುವುದಿಲ್ಲವೆಂದು ಶಿರಸಿಯವರಿಗೆ ನಾನು ಹೇಳಬೇಕಾಗಿಲ್ಲ. ಮೇಲಾಗಿ ನಿಮಗೆ ನಾಯಿ ಕಚ್ಚಿದ್ದು ಮೀನಖಂಡದ ಸ್ನಾಯುವಿಗೆ. ಅಲ್ಲಿ ಸ್ನಾಯುವನ್ನು ಕುಗ್ಗಿಸುವ ಚಾಲಕ ನರಗಳ ತುದಿಗಳಿವೆ. ವೈರಸ್ಸಿಗೆ ಅದು ಬಹು ಮುಖ್ಯವಾದ ದಾರಿ. ಸಂವೇದನಾ ಕೋಶಗಳೆಲ್ಲ ಬಾಗಿಲು ಮುಚ್ಚಿದರೂ ಆ ದಾರಿ ತೆರೆದೇ ಇರುತ್ತದೆ. ಮೆಣಸು, ಸುಣ್ಣ, ಕಾಫಿಪುಡಿಗಳು ಗಾಯವನ್ನು ಕೆರಳಿಸುತ್ತವೆಯೇ ಹೊರತು ವೈರಸ್ಸನ್ನು ತೆಗೆಯುವುದಿಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು ಆ ಕೆಲಸವನ್ನು ಮಾಡುತ್ತದೆ.

ಪ್ರಶ್ನೆ: ರೇಬೀಸ್ ಆರಂಭದಲ್ಲಿ ಮಾಗಿದ ಗಾಯದ ಜಾಗದಲ್ಲೇ ಜೋಮು, ತುರಿಕೆ ಬರುತ್ತದೆಂದು ಹೇಳುತ್ತಾರೆ. ವೈರಸ್ ಮೇಲಕ್ಕೆ ಹೋಗಿರುವಾಗ ಕೆಳಗೇಕೆ ತುರಿಕೆ?
— ಓದುಗರೊಬ್ಬರು, ಕಾರವಾರ

ಉತ್ತರ: ಸೋಂಕು ಮತ್ತು ಅದರಿಂದಾಗುವ ಉರಿಯೂತ ಇರುವುದು ಮೇಲೆ ಹೇಳಿದ ನರಗಂಟಿನಲ್ಲಿ. ಆದರೆ ಆ ಕೋಶ ಕಳಿಸುವ ಸಂಕೇತವನ್ನು ಮಿದುಳು ಅದರ ಎಳೆಯ ತುದಿಯಿರುವ ಜಾಗದಿಂದ ಬಂದದ್ದೆಂದೇ ಎಣಿಸುತ್ತದೆ. ಹೀಗಾಗಿ ತೊಂದರೆ ಸೊಂಟದ ಬಳಿಯಿದ್ದರೂ ತುರಿಕೆ ಕಾಲಿನಲ್ಲಿ ತೋರುತ್ತದೆ. ಆದರೆ ಮಾಗುತ್ತಿರುವ ಯಾವುದೇ ಗಾಯದಲ್ಲಿ ನರದ ತುದಿಗಳು ಮತ್ತೆ ಬೆಳೆಯುವಾಗಲೂ ಜೋಮು, ತುರಿಕೆ ಇರುವುದುಂಟು. ಆದ್ದರಿಂದ ಚುಚ್ಚುಮದ್ದಿನ ಎಲ್ಲ ಸರದಿಗಳನ್ನೂ ಸಕಾಲಕ್ಕೆ ಪಡೆದವರು ಇಷ್ಟಕ್ಕೇ ಹೆದರದೆ, ವೈದ್ಯರಿಗೆ ಒಮ್ಮೆ ತೋರಿಸಿದರೆ ಸಾಕು.